ಕಾರಿನಲ್ಲಿ ಪಿಸ್ತೂಲು: ಸೊಂಟವೋ, ಪೆಟ್ಟಿಗೆಯೋ, ಡಿಕ್ಕಿಯೋ?

ಅಮೆರಿಕದಲ್ಲಿ ಕಾರಿನೊಳಗೆ ಪಿಸ್ತೂಲು ಇಟ್ಟುಕೊಳ್ಳುವವರು ಅದಕ್ಕೆ ಜಾಗ ಹುಡುಕುವಾಗ ಗಾಡಿ ಓಡುತ್ತಿರುವ ಹೊತ್ತನ್ನೇ ಯೋಚಿಸುತ್ತಾರೆ. ಕೈ ಎಲ್ಲಿಗೆ ಬೇಗ ಎಟುಕುತ್ತದೆ, ಸೀಟ್ ಬೆಲ್ಟ್ ಅಡ್ಡ ಬರುತ್ತದೆಯೇ, ಪಕ್ಕದ ಗಾಡಿಯವರಿಗೆ ಕಾಣುತ್ತದೆಯೇ ಎಂದೆಲ್ಲ. ಆದರೆ ಅಪಾಯ ಹೆಚ್ಚಿರುವುದು ಗಾಡಿ ನಿಂತ ಮೇಲೆ. ಆಫೀಸಿನ ಪಾರ್ಕಿಂಗಿನಲ್ಲಿ ಎಂಟು ಗಂಟೆ, ದೇವಸ್ಥಾನದ ಹೊರಗೆ ಒಂದು ತಾಸು, ರಾತ್ರಿಯಿಡೀ ಮನೆ ಮುಂದಿನ ಡ್ರೈವ್‌ವೇಯಲ್ಲಿ. ಆ ದೇಶದಲ್ಲಿ ಕಳವಾಗುವ ಬಂದೂಕುಗಳಲ್ಲಿ ಬಹು ದೊಡ್ಡ ಪಾಲು ನಿಲ್ಲಿಸಿದ ಕಾರುಗಳಿಂದಲೇ ಹೋಗುತ್ತದೆ. ಹಾಗಾಗಿ ಇಲ್ಲಿ ಪ್ರತಿ ಆಯ್ಕೆಗೂ ಎರಡು ಪ್ರಶ್ನೆ ಹಾಕಿದ್ದೇವೆ: ನೀವು ಸೀಟಿನಲ್ಲಿ ಕೂತಿರುವಾಗ ಹೇಗೆ, ಇಳಿದು ಹೋದಾಗ ಹೇಗೆ? ಎರಡನೆಯದಕ್ಕೆ ಉತ್ತರ ಕೊಡದ ಆಯ್ಕೆ ಎಷ್ಟೇ ಅನುಕೂಲವಾಗಿದ್ದರೂ ಬೇಡ ಎಂಬುದು ನಮ್ಮ ಅಭಿಪ್ರಾಯ.

ಪೆಟ್ಟಿಗೆ ಕೊಳ್ಳುವ ಮೊದಲು ವೀಸಾ

ಕನ್ನಡಿಗ ಕುಟುಂಬಗಳಿಗೆ ಇದು ಎಲ್ಲಕ್ಕಿಂತ ಮುಖ್ಯ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಹೀಗೆ ಯಾವುದೇ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಒಂದೇ ಒಂದು ಗುಂಡನ್ನಾಗಲಿ ಹೊಂದುವಂತಿಲ್ಲ. ಇದು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ 922ನೇ ಸೆಕ್ಷನ್. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಪಿಸ್ತೂಲು ಮುಟ್ಟಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ.

ತೊಡಕು ಬರುವುದು ಒಂದೇ ಮನೆಯಲ್ಲಿ ಒಬ್ಬರು ಸಿಟಿಜನ್, ಇನ್ನೊಬ್ಬರು ವೀಸಾದಲ್ಲಿ ಇದ್ದಾಗ. ಸೀಟಿನ ಕೆಳಗೆ ಬೀಗ ಹಾಕಿದ ಪೆಟ್ಟಿಗೆ ಇದೆ, ಅದರ ಕೀ ಕಾರಿನ ಕೀ ಗೊಂಚಲಿನಲ್ಲೇ ಇದೆ, ಎಚ್-1ಬಿಯಲ್ಲಿರುವ ತಮ್ಮ ತರಕಾರಿ ತರಲು ಆ ಕಾರು ತೆಗೆದುಕೊಂಡು ಹೊರಟ. ಅಲ್ಲಿಗೆ ಬಂದೂಕು ಅವನ ವಶದಲ್ಲಿದೆ ಎಂದು ಸರ್ಕಾರಿ ವಕೀಲರು ವಾದಿಸಬಹುದು. ಕೈಯಲ್ಲಿ ಹಿಡಿದಿರಬೇಕೆಂದೇನಿಲ್ಲ, ತೆಗೆಯುವ ಶಕ್ತಿ ಅವನಲ್ಲಿದ್ದರೆ ಪ್ರಶ್ನೆ ಏಳುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೂ ಇದೇ ಮಾತು. ವೀಸಾದಲ್ಲಿರುವವರು ಓಡಿಸುವ ದಿನ ಪಿಸ್ತೂಲೂ ಗುಂಡೂ ಆ ಕಾರಿನಲ್ಲಿ ಇರಲೇಬಾರದು. ಪೆಟ್ಟಿಗೆಯ ಕೀ ಅಥವಾ ನಂಬರು ಅವರಿಗೆ ಗೊತ್ತಿರಲೂ ಬಾರದು.

ಕೊಡಗಿನವರಿಗೆ ಒಂದು ಮಾತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಬೆಳೆದವರಿಗೆ ಬಂದೂಕು ಹೊಸದಲ್ಲ, ಭಾರತದಲ್ಲಿ ಲೈಸೆನ್ಸಿನಿಂದ ಅವರಿಗಿರುವ ವಿನಾಯಿತಿ 2029ರ ತನಕ ಮುಂದುವರಿದಿದೆ. ಆ ವಿನಾಯಿತಿಗೆ ಅಮೆರಿಕದಲ್ಲಿ ಯಾವ ಬೆಲೆಯೂ ಇಲ್ಲ.

ಮೈಮೇಲೆ: ಕೂತಿರುವಾಗ ಅತ್ಯುತ್ತಮ, ಇಳಿಯುವಾಗ ಅಪೂರ್ಣ

ಪಿಸ್ತೂಲು ಒಯ್ಯುವ ಪರವಾನಗಿ ಇದ್ದು ರಾಜ್ಯದ ಕಾನೂನು ಒಪ್ಪಿದರೆ, ಗಾಡಿ ಓಡಿಸುವಾಗ ಪಿಸ್ತೂಲಿಗೆ ಅತಿ ಸುರಕ್ಷಿತ ಜಾಗ ನಿಮ್ಮ ಸೊಂಟ. ಅಪಘಾತವಾದರೂ ಅದು ನಿಮ್ಮೊಂದಿಗೇ ಇರುತ್ತದೆ, ನೀವು ಇಳಿದರೆ ಅದೂ ಇಳಿಯುತ್ತದೆ.

ತೊಂದರೆ ಸೀಟ್ ಬೆಲ್ಟಿನದು. ಅಮೆರಿಕದ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕೆ, ಚಾಲಕನ ಬಕಲ್ ಬಲಕ್ಕೆ. ಬಲಗೈಯವರು ಬಲ ಸೊಂಟದ ಹಿಂದೆ ಪಿಸ್ತೂಲು ಕಟ್ಟಿದರೆ ಬಕಲ್, ಸೀಟಿನ ಅಂಚು, ಎರಡು ಸೀಟುಗಳ ನಡುವಿನ ಕನ್ಸೋಲ್ ಪೆಟ್ಟಿಗೆ ಮೂರೂ ಸೇರಿ ಕೈಗೆ ದಾರಿ ಕೊಡುವುದಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಕಟ್ಟಿದರೆ ಕೈ ಸಲೀಸಾಗಿ ಹೋಗುತ್ತದೆ, ಆದರೆ ಕೂತಾಗ ನಳಿಗೆಯ ಬಾಯಿ ತೊಡೆಯ ದೊಡ್ಡ ರಕ್ತನಾಳದ ಕಡೆಗೇ ತಿರುಗಿರುತ್ತದೆ. ಅಲ್ಲಿ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಕೈಡೆಕ್ಸ್ ಪ್ಲಾಸ್ಟಿಕ್ಕಿನ ಒರೆ, ಅಂದರೆ ಹೋಲ್‌ಸ್ಟರ್ ಬಿಟ್ಟು ಬೇರೇನೂ ಬೇಡ. ಮೆತ್ತನೆ ಬಟ್ಟೆಯ ಹೋಲ್‌ಸ್ಟರ್ ಮಡಚಿಕೊಂಡು ಟ್ರಿಗರ್ ಗಾರ್ಡಿನೊಳಕ್ಕೆ ಸೇರುತ್ತದೆ. ಸೀಟ್ ಬೆಲ್ಟ್ ಹಾಕಿಕೊಂಡ ಮೇಲೆ ಅಂಗಿಯ ಅಂಚನ್ನು ಬೆಲ್ಟಿನ ಅಡಿಯಿಂದ ಎಳೆದು ಹೊರಗೆ ಬಿಡಿ, ಇಲ್ಲವಾದರೆ ಬೆಲ್ಟೇ ಅಂಗಿಯನ್ನು ಒತ್ತಿ ಹಿಡಿಯುತ್ತದೆ.

ಮೈಮೇಲಿನ ಆಯ್ಕೆ ಸೋಲುವುದು ಪಿಸ್ತೂಲು ಒಯ್ಯಬಾರದ ಕಡೆಗೆ ಹೋಗುವಾಗ: ಕೋರ್ಟು, ಫೆಡರಲ್ ಕಚೇರಿ, ಬೇಡವೆಂದು ಬೋರ್ಡು ಹಾಕಿದ ಕಂಪನಿ. ಆಗ ಕಾರಿನೊಳಗೇ ಅದನ್ನು ತೆಗೆದಿಡಬೇಕು. ಇಕ್ಕಟ್ಟಿನಲ್ಲಿ, ಬಾಗಿಕೊಂಡು, ಅವಸರದಲ್ಲಿ ಹೋಲ್‌ಸ್ಟರಿನಿಂದ ಪಿಸ್ತೂಲನ್ನು ಬಿಡಿಸುವ ಆ ಗಳಿಗೆಯಲ್ಲೇ ಗುಂಡು ಅಚಾನಕ್ಕಾಗಿ ಹಾರುವುದು. ಪರಿಹಾರ ಸರಳ. ಪಿಸ್ತೂಲನ್ನು ಹೋಲ್‌ಸ್ಟರಿನಿಂದ ತೆಗೆಯಲೇ ಬೇಡಿ. ಕ್ಲಿಪ್ ಬಿಡಿಸಿ, ಹೋಲ್‌ಸ್ಟರ್ ಸಮೇತ ಎತ್ತಿ, ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ವಾಪಸ್ ಬಂದಾಗಲೂ ಹೋಲ್‌ಸ್ಟರ್ ಸಮೇತವೇ ಸೊಂಟಕ್ಕೆ. ಟ್ರಿಗರ್ ಒಮ್ಮೆಯೂ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಹೋಲ್‌ಸ್ಟರ್ ಕೊಳ್ಳುವಾಗ ಪ್ಯಾಂಟಿನ ಬೆಲ್ಟ್ ಬಿಚ್ಚದೆ ಹೊರಬರುವ ಕ್ಲಿಪ್ ಇದೆಯೇ ನೋಡಿ, ಪೆಟ್ಟಿಗೆ ಕೊಳ್ಳುವಾಗ ಹೋಲ್‌ಸ್ಟರ್ ಸಮೇತದ ಅಳತೆ ಹಿಡಿಯಿರಿ.

ದಿನಕ್ಕೆ ನಾಲ್ಕು ಸಲ ಚೇಂಬರಿನಿಂದ (ನಳಿಗೆಯ ಹಿಂಬದಿಯ ಗುಂಡಿನ ಗೂಡಿನಿಂದ) ಗುಂಡು ತೆಗೆದು ಮತ್ತೆ ಅದೇ ಗುಂಡನ್ನು ತುಂಬುವ ಅಭ್ಯಾಸವೂ ಒಳ್ಳೆಯದಲ್ಲ. ಪ್ರತಿ ಸಲ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಬಡಿದು ಸೀಸದ ತುದಿ ಗುಂಡಿನ ಕೇಸಿನೊಳಕ್ಕೆ ಕೂದಲೆಳೆಯಷ್ಟು ಸರಿಯುತ್ತದೆ. ಸರಿದಷ್ಟೂ ಹಾರಿಸಿದಾಗ ಒಳಗಿನ ಒತ್ತಡ ಹೆಚ್ಚುತ್ತದೆ. ಡಬ್ಬಿಯ ಹೊಸ ಗುಂಡಿನ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಗಿಡ್ಡವಾಗಿ ಕಂಡರೆ ಅದನ್ನು ಹಾರಿಸಬೇಡಿ, ಬದಿಗಿಡಿ. ರಾಜ್ಯದ ಕಾನೂನೇ ಖಾಲಿ ಮಾಡಿಡಬೇಕು ಎಂದರೆ ಬೇರೆ ದಾರಿಯಿಲ್ಲ, ಆಗ ಚೇಂಬರಿನ ಗುಂಡನ್ನು ಆಗಾಗ ಬದಲಿಸಿ.

ಮ್ಯಾಗ್ನೆಟ್, ಸೀಟಿನ ಪಕ್ಕದ ಚೀಲ: ಬೇಡ

ಸ್ಟಿಯರಿಂಗ್ ಕೆಳಗೆ ಸ್ಕ್ರೂ ಹಾಕಿ ಕೂರಿಸುವ ರಬ್ಬರ್ ಹೊದಿಕೆಯ ಮ್ಯಾಗ್ನೆಟ್ ಅಗ್ಗ, ಹಾಕುವುದು ಸುಲಭ, ಮಾರಾಟವೂ ಜೋರು. ಅದಕ್ಕೆ ಅಂಟಿಕೊಂಡ ಪಿಸ್ತೂಲಿನ ಟ್ರಿಗರ್ ಬಯಲಾಗಿರುತ್ತದೆ. ಕಾರು ಗುದ್ದಿದರೆ ಒಂದು ಕಿಲೋದಷ್ಟಿರುವ ಲೋಹದ ತುಂಡು ಮ್ಯಾಗ್ನೆಟ್ ಬಿಟ್ಟು ಹಾರುತ್ತದೆ, ಎಷ್ಟೋ ಕಾರುಗಳಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಇರುವುದೂ ಅಲ್ಲೇ. ಗುದ್ದದಿದ್ದರೂ ಜಾರಿ ಬ್ರೇಕ್ ಪೆಡಲಿನ ಅಡಿಗೆ ಸೇರಬಹುದು. ಸೀಟಿನ ಪಕ್ಕಕ್ಕೆ ತೂಗುವ ಚೀಲದ್ದೂ ಇದೇ ಕಥೆ, ಹಿಂದಿನ ಸೀಟಿನ ಮಗುವಿಗೆ ಅದು ಇನ್ನೂ ಹತ್ತಿರ. ಇಳಿದಾಗ ಕೇಳುವುದೇ ಬೇಡ, ಬೀಗವೇ ಇಲ್ಲ.

ಕಾರು ಕಂಪನಿಯೇ ಮುಂದೆ ಕೊಟ್ಟಿರುವ ಗ್ಲವ್ ಬಾಕ್ಸ್ ಸ್ವಲ್ಪ ವಾಸಿ ಎನಿಸುತ್ತದೆ, ಅದಕ್ಕೆ ಕೀ ಇದೆಯಲ್ಲ ಎಂದು. ಆದರೆ ಅದರ ಬೀಗದ ನಾಲಿಗೆ ಕೂರುವುದು ಪ್ಲಾಸ್ಟಿಕ್ಕಿನಲ್ಲಿ. ಅಗಲ ಸ್ಕ್ರೂಡ್ರೈವರ್ ಸಾಕು. ಕಳ್ಳ ಮೊದಲು ಕೈ ಹಾಕುವುದೂ ಅಲ್ಲಿಗೇ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಕಾನೂನಿನಲ್ಲಿ ಗ್ಲವ್ ಬಾಕ್ಸ್ ಬೀಗದ ಪೆಟ್ಟಿಗೆ ಎಂದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ: ಪೊಲೀಸರು ನಿಲ್ಲಿಸಿ ಇನ್ಶೂರೆನ್ಸ್ ಕಾಗದ ಕೇಳಿದಾಗ ನೀವು ಗ್ಲವ್ ಬಾಕ್ಸ್ ತೆರೆಯುತ್ತೀರಿ, ಕಾಗದದ ಮೇಲೆ ಪಿಸ್ತೂಲು ಕೂತಿದೆ. ಆ ಕ್ಷಣ ಯಾರಿಗೂ ಬಾರದಿರಲಿ. ರಿಜಿಸ್ಟ್ರೇಷನ್ ಮತ್ತು ಇನ್ಶೂರೆನ್ಸ್ ಕಾಗದ ಕನ್ನಡಿಯ ಮೇಲಿನ ಸನ್ ವೈಸರಿಗೆ ಸಿಕ್ಕಿಸಿಡಿ.

ಕೇಬಲ್ ಪೆಟ್ಟಿಗೆಯೋ, ಬೋಲ್ಟ್ ಹಾಕಿದ ತಿಜೋರಿಯೋ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ.

ಕೇಬಲ್ ಪೆಟ್ಟಿಗೆ ಎಂದರೆ ದಪ್ಪ ಪುಸ್ತಕದಷ್ಟು ದೊಡ್ಡ ಉಕ್ಕಿನ ಡಬ್ಬಿ, ಜೊತೆಗೆ ಒಂದು ಉಕ್ಕಿನ ಹಗ್ಗ. ಹಗ್ಗದ ಒಂದು ತುದಿಯಲ್ಲಿ ಕುಣಿಕೆ, ಇನ್ನೊಂದರಲ್ಲಿ ಗುಂಡಿಯಂಥ ತಡೆ. ಕಾರಿನಿಂದ ಕಾರಿಗೆ ಒಯ್ಯಬಹುದು, ಬಾಡಿಗೆ ಕಾರಿನಲ್ಲೂ ಹೋಟೆಲ್ ಕೋಣೆಯಲ್ಲೂ ಆಗುತ್ತದೆ, ಬೆಲೆಯೂ ಹಗುರ. ದೌರ್ಬಲ್ಯ ಆ ಹಗ್ಗವೇ. 5 ಮಿ.ಮೀ. ಆಸುಪಾಸಿನ ಕೇಬಲ್ ಒಳ್ಳೆಯ ಕೇಬಲ್ ಕಟರಿಗೆ ಕೆಲವೇ ಸೆಕೆಂಡಿನ ಕೆಲಸ. ಗಾಜು ಒಡೆದು ಕೈಗೆ ಸಿಕ್ಕಿದ್ದನ್ನು ಬಾಚಿ ಓಡುವವನನ್ನು ಅದು ತಡೆಯುತ್ತದೆ, ಉಪಕರಣ ತಂದವನನ್ನು ತಡೆಯುವುದಿಲ್ಲ.

ಬೋಲ್ಟ್ ತಿಜೋರಿ ಸೆಂಟರ್ ಕನ್ಸೋಲಿನ ಒಳ ಅಳತೆಗೆ ಸರಿಯಾಗಿ ಕೂರುವಂತೆ ಮಾಡಿದ್ದು. ಕನ್ಸೋಲ್ ವಾಲ್ಟ್ ಎಂಬ ಕಂಪನಿಯ ಹೆಸರೇ ಈಗ ಇಂಥ ತಿಜೋರಿಗಳಿಗೆಲ್ಲ ಅಂಟಿಕೊಂಡಿದೆ. ಕಾರಿನಲ್ಲಿ ಮೊದಲೇ ಇರುವ ಬೋಲ್ಟುಗಳನ್ನೇ ಬಳಸಿ ಒಳಗಿನಿಂದ ಬಿಗಿಯುತ್ತಾರೆ, ತೂತು ಕೊರೆಯುವ ಕೆಲಸ ಇಲ್ಲ. ಲೀಸ್ ಕಾರಿನವರಿಗೆ ಇದು ದೊಡ್ಡ ಸಮಾಧಾನ. ಬೀಗ ಹಾಕಿದ ಮೇಲೆ ಬೋಲ್ಟಿನ ತಲೆ ಹೊರಗೆ ಸಿಗುವುದಿಲ್ಲ. ಕನ್ಸೋಲ್ ಮುಚ್ಚಳ ಹಾಕಿದರೆ ತಿಜೋರಿ ಇರುವುದೇ ಕಾಣದು. ಪಿಕಪ್ ಟ್ರಕ್ ಮತ್ತು ದೊಡ್ಡ ಎಸ್‌ಯುವಿಗಳಿಗೆ ಧಾರಾಳವಾಗಿ ಸಿಗುತ್ತದೆ, ಸಣ್ಣ ಸೆಡಾನುಗಳಿಗೆ ಹುಡುಕಬೇಕು. ಆರ್ಡರ್ ಮಾಡುವಾಗ ಕಾರಿನ ಹೆಸರಷ್ಟೇ ಸಾಲದು. ಒಂದೇ ಮಾದರಿಗೆ ವರ್ಷದಿಂದ ವರ್ಷಕ್ಕೆ, ಸೀಟಿನ ವಿನ್ಯಾಸಕ್ಕೆ ತಕ್ಕಂತೆ ಕನ್ಸೋಲ್ ಬೇರೆ ಬೇರೆ ಇರುತ್ತದೆ. ತಪ್ಪು ತಿಜೋರಿ ಬಂದರೆ ಎರಡು ಬೆರಳಿನಷ್ಟು ಮೇಲೆ ನಿಂತು ಮುಚ್ಚಳ ಕೂರುವುದಿಲ್ಲ.

ಒಂದೇ ಕಾರು, ದಿನವೂ ಅದೇ ಪಾರ್ಕಿಂಗ್, ಆಗಾಗ ಪಿಸ್ತೂಲು ಬಿಟ್ಟಿಳಿಯುವ ಕೆಲಸ ಎನ್ನುವವರಿಗೆ ನಮ್ಮ ಆಯ್ಕೆ ಬೋಲ್ಟ್ ತಿಜೋರಿ. ವರ್ಷಕ್ಕೆ ನಾಲ್ಕಾರು ಸಲ ಶೂಟಿಂಗ್ ರೇಂಜಿಗೆ ಹೋಗುವವರಿಗೆ, ಎರಡು ಕಾರಿನವರಿಗೆ, ಕನ್ಸೋಲ್ ಚಿಕ್ಕದಿರುವವರಿಗೆ ಕೇಬಲ್ ಪೆಟ್ಟಿಗೆ ಸಾಕು, ಸರಿಯಾಗಿ ಕಟ್ಟಿದರೆ.

ಸರಿಯಾಗಿ ಕಟ್ಟುವುದು ಹೇಗೆ? ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಟಾರ್ಚ್ ಹಿಡಿದು ಕೆಳಗೆ ನೋಡಿ. ನೆಲಕ್ಕೆ ಬೋಲ್ಟ್ ಆಗಿರುವ ಸೀಟಿನ ಉಕ್ಕಿನ ಕಾಲು ಸಿಗುತ್ತದೆ. ಕೇಬಲನ್ನು ಅದಕ್ಕೇ ಸುತ್ತಿ, ಕುಣಿಕೆಯೊಳಗಿಂದ ಇನ್ನೊಂದು ತುದಿ ತೂರಿಸಿ ಎಳೆಯಿರಿ. ತಡೆ ಇರುವ ತುದಿಯನ್ನು ಪೆಟ್ಟಿಗೆಯ ಕಚ್ಚಿನಲ್ಲಿ ಕೂರಿಸಿ ಮುಚ್ಚಳ ಹಾಕಿದರೆ ಆಯಿತು. ತಲೆದಿಂಬಿನ ಕಂಬಿಗೆ ಕಟ್ಟಬೇಡಿ, ಗುಂಡಿ ಒತ್ತಿದರೆ ಕಂಬಿಯೇ ಕಿತ್ತು ಬರುತ್ತದೆ. ಸೀಟಿನ ಅಡಿ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಕೇಬಲ್ ಅದಕ್ಕೆ ತಾಗದಂತೆ ಬೇರೆ ಕಡೆಯಿಂದ ಒಯ್ಯಿರಿ. ಈಗ ಸೀಟನ್ನು ಮುಂದಿನ ತುದಿಯಿಂದ ಹಿಂದಿನ ತುದಿಗೆ ಓಡಿಸಿ ನೋಡಿ, ಕೇಬಲ್ ಎಲ್ಲಿಯೂ ಹಳಿಗೆ ಸಿಕ್ಕಬಾರದು. ಕೊನೆಯದಾಗಿ ಪೆಟ್ಟಿಗೆಯನ್ನು ಕೈಯಿಂದ ಮುಂದಕ್ಕೆ ಎಳೆಯಿರಿ. ಪೆಡಲಿನ ತನಕ ಬಂದರೆ ಹಗ್ಗ ಉದ್ದವಾಯಿತು, ಸೀಟಿನ ಕಾಲಿಗೆ ಇನ್ನೊಂದು ಸುತ್ತು ಹಾಕಿ ಗಿಡ್ಡ ಮಾಡಿ.

ಪೆಟ್ಟಿಗೆಯ ತಗಡಿನ ದಪ್ಪವನ್ನು ಗೇಜಿನಲ್ಲಿ ಬರೆದಿರುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ: 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 16 ಎಂದರೆ 1.5, 12 ಎಂದರೆ ಸುಮಾರು 2.7. ಹದಿನಾರಕ್ಕಿಂತ ತೆಳುವಾದದ್ದನ್ನು ಕಾರಿಗೆ ಕೊಳ್ಳಬೇಡಿ. ಅಳತೆಗೆ ಒಂದು ಉದಾಹರಣೆ: ಗ್ಲಾಕ್ 19 ಪಿಸ್ತೂಲು ಸುಮಾರು 19 ಸೆಂ.ಮೀ. ಉದ್ದ, 13 ಸೆಂ.ಮೀ. ಎತ್ತರ. ಹೋಲ್‌ಸ್ಟರ್ ಸಮೇತ ಇಡಲು ಒಳಗೆ 22ಕ್ಕೆ 16, ಆಳ 6 ಸೆಂ.ಮೀ. ಇದ್ದರೆ ಹಿಂಸೆಯಿಲ್ಲ. ಮೇಲೆ ರೆಡ್ ಡಾಟ್ (ಗುರಿ ಹಿಡಿಯಲು ಕೆಂಪು ಚುಕ್ಕಿ ತೋರಿಸುವ ಸಾಧನ) ಕೂರಿಸಿದ್ದರೆ ಇನ್ನೆರಡು ಮೂರು ಸೆಂ.ಮೀ. ಸೇರಿಸಿಕೊಳ್ಳಿ.

ಬೀಗ

ಬೆರಳಚ್ಚಿನ ಬೀಗ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಬೆವರಿದ ಕೈ, ಚಳಿಗಾಲದ ಒಣ ಚರ್ಮ, ಕೈಗವಸು, ಈ ಮೂರರಲ್ಲಿ ಯಾವುದಿದ್ದರೂ ಮೊದಲ ಸಲಕ್ಕೆ ತೆರೆಯುವ ಭರವಸೆ ಇಲ್ಲ. ಆರ್‌ಎಫ್‌ಐಡಿ (ರೇಡಿಯೊ ಸಂಕೇತದ) ಬಿಲ್ಲೆ ತೋರಿಸಿದರೆ ತೆರೆಯುವ ಬೀಗ, ಹಾರ್ನಡಿ ಕಂಪನಿಯವರ ಪೆಟ್ಟಿಗೆಗಳಲ್ಲಿ ಇರುವಂಥದ್ದು, ಚುರುಕಾಗಿದೆ. ಆದರೆ ಬಿಲ್ಲೆಯನ್ನು ಕಾರಿನ ಕೀಗೆ ಕಟ್ಟಿದಿರೋ, ಹೋಟೆಲಿನಲ್ಲಿ ಕಾರು ನಿಲ್ಲಿಸಿಕೊಡುವ ವ್ಯಾಲೆಗೆ ಕೀ ಕೊಟ್ಟ ಕೂಡಲೇ ಪಿಸ್ತೂಲನ್ನೂ ಕೊಟ್ಟಂತೆ. ಬ್ಯಾಟರಿ ಬೇಡದ ಐದು ಗುಂಡಿಯ ಮೆಕ್ಯಾನಿಕಲ್ ಬೀಗ ನಮಗೆ ಎಲ್ಲಕ್ಕಿಂತ ಮೆಚ್ಚು. ಕತ್ತಲಲ್ಲಿ ಬೆರಳು ತಡವಿಯೇ ತೆರೆಯಬಹುದು, ಬಿಸಿಲು ಚಳಿ ಯಾವುದೂ ಅದಕ್ಕೆ ಲೆಕ್ಕವಿಲ್ಲ. ಸಾದಾ ಕೀ ಬೀಗವೂ ತಪ್ಪಲ್ಲ, ಕೀ ನಿಮ್ಮ ಕೊರಳಲ್ಲೋ ಜೇಬಲ್ಲೋ ಇರುವ ತನಕ. ಕನ್ಸೋಲಿನ ಕಪ್ ಹೋಲ್ಡರಿನಲ್ಲಿ ಇಟ್ಟರೆ ಬೀಗ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದ ದಿನವೇ ಹೀಗೆ ಪರೀಕ್ಷಿಸಿ. ಖಾಲಿ ಪೆಟ್ಟಿಗೆಗೆ ಬೀಗ ಹಾಕಿ, ಮೇಜಿನ ಮೇಲೆ ಟವೆಲ್ ಹಾಸಿ, ಒಂದು ಗೇಣು ಎತ್ತರದಿಂದ ಅದರ ಒಂದೊಂದು ಮೈ ಮೇಲೂ ಬೀಳಿಸಿ. ಹಿಡಿ ಇದ್ದರೆ ಅದನ್ನು ತಿರುಗಿಸುತ್ತ ಅಂಗೈಯಿಂದ ಮುಚ್ಚಳ ಗುದ್ದಿ. ಅಗ್ಗದ ಪೆಟ್ಟಿಗೆಯೊಳಗೆ ಬೀಗ ಹಿಡಿದಿರುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ಸರಿಯುವ) ಪಿನ್ನು ಸ್ಪ್ರಿಂಗಿನ ಬಲದಲ್ಲಷ್ಟೇ ನಿಂತಿರುತ್ತದೆ, ಗುದ್ದಿದ ಏಟಿಗೆ ಅದು ಜಿಗಿದರೆ ಬಾಗಿಲು ತೆರೆದುಕೊಳ್ಳುತ್ತದೆ. ತೆರೆದುಕೊಂಡರೆ ಅಂದೇ ವಾಪಸ್ ಮಾಡಿ.

ಬ್ಯಾಟರಿಗೆ ಲಿಥಿಯಂ ಎಎ ಹಾಕಿ, ಪೆಟ್ಟಿಗೆಯ ಕಂಪನಿ ಒಪ್ಪಿದರೆ. ಫೀನಿಕ್ಸ್‌ನ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಆಲ್ಕಲೈನ್ ಸೆಲ್ ಸೋರಿ ಸರ್ಕ್ಯೂಟ್ ತಿನ್ನುತ್ತದೆ, ಮಿನ್ನೆಸೋಟದ ಜನವರಿಯಲ್ಲಿ ಸತ್ತಂತೆ ಬಿದ್ದಿರುತ್ತದೆ. ಹಗಲು ಬಿಸಿ, ರಾತ್ರಿ ತಂಪು ಎಂದಾಗ ಒಳಗೆ ತೇವ ಕೂರುತ್ತದೆ, ಪೆಟ್ಟಿಗೆಯ ಸ್ಪಾಂಜು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಎರಡು ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ. ಏನೇ ಇರಲಿ, ರಾತ್ರಿ ಪಿಸ್ತೂಲು ಮನೆಯೊಳಗಿನ ತಿಜೋರಿಗೆ ಹೋಗಬೇಕು. ಕಾರು ದಾಸ್ತಾನು ಕೋಣೆ ಅಲ್ಲ.

ಡಿಕ್ಕಿ

ಕೈಗೆ ಎಟುಕುವುದು ಬೇಡ, ಒಯ್ದರೆ ಸಾಕು ಎನ್ನುವವರಿಗೆ ಸೆಡಾನಿನ ಡಿಕ್ಕಿಯಲ್ಲಿ ಸ್ಪೇರ್ ಟೈರಿನ ಬೋಲ್ಟಿಗೋ ಉಕ್ಕಿನ ಕೊಂಡಿಗೋ ಕಟ್ಟಿದ ಪೆಟ್ಟಿಗೆ ಚೆನ್ನ. ಹಿಂದಿನ ಸೀಟು ಮಡಚಿದರೆ ಡಿಕ್ಕಿಗೆ ದಾರಿಯಾಗುತ್ತದೆ ಎಂಬುದು ನೆನಪಿರಲಿ. ಎಸ್‌ಯುವಿಗೆ ಡಿಕ್ಕಿಯೇ ಇಲ್ಲ, ಅಲ್ಲಿ ಬೀಗದ ಪೆಟ್ಟಿಗೆ ಕಡ್ಡಾಯ ಎಂದುಕೊಳ್ಳಿ. ಪಿಸ್ತೂಲನ್ನು ಡಿಕ್ಕಿಗೆ ಸಾಗಿಸುವ ಕೆಲಸ ಮನೆಯಲ್ಲೇ ಮುಗಿಯಲಿ. ಮಾಲಿನ ಪಾರ್ಕಿಂಗಿನಲ್ಲಿ ಎಲ್ಲರೆದುರು ಡಿಕ್ಕಿ ತೆರೆದು ಇಟ್ಟು ಹೋದರೆ ನೋಡಿದವನಿಗೆ ದಾರಿ ತೋರಿಸಿದಂತೆ. ಹಿಂದಿನ ಗಾಜಿಗೆ ಬಂದೂಕು ಕಂಪನಿಯ ಸ್ಟಿಕ್ಕರ್ ಅಂಟಿಸುವುದೂ ಅದೇ.

ಗಡಿ ದಾಟಿದರೆ ಕಾನೂನೂ ಬದಲು

ಟೆಕ್ಸಸ್‌ನಲ್ಲಿ ಸ್ವಂತ ಕಾರಿನೊಳಗೆ ಮರೆಯಾಗಿ ಪಿಸ್ತೂಲು ಇಟ್ಟುಕೊಳ್ಳಲು 2007ರಿಂದ ಪರವಾನಗಿ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಇಲ್ಲದವರು ಖಾಲಿ ಮಾಡಿ, ಬೀಗ ಹಾಕಿದ ಡಿಕ್ಕಿಯಲ್ಲೋ ಬೀಗದ ಪೆಟ್ಟಿಗೆಯಲ್ಲೋ ಒಯ್ಯಬೇಕು. ಬಿಟ್ಟಿಳಿಯುವಾಗ ಕಣ್ಣಿಗೆ ಕಾಣದಂತೆ ಬೀಗ ಹಾಕಿರಬೇಕೆಂಬ ನಿಯಮ 2017ರಿಂದ ಇದೆ. ಕೊಲೊರಾಡೊದಲ್ಲಿ 2025ರ ಜನವರಿ 1ರಿಂದ, ಕಾರು ಬಿಟ್ಟಿಳಿದರೆ ಪಿಸ್ತೂಲು ಗಟ್ಟಿ ಗೋಡೆಯ ಬೀಗದ ಪೆಟ್ಟಿಗೆಯಲ್ಲಿ ಮರೆಯಾಗಿರಬೇಕು, ಕಾರಿಗೂ ಬೀಗ ಇರಬೇಕು.

ರಾಜ್ಯಗಳನ್ನು ಹಾದುಹೋಗುವವರಿಗೆ 1986ರ ಫೆಡರಲ್ ಕಾಯ್ದೆಯ ರಕ್ಷಣೆ ಇದೆ. ಹೊರಟಲ್ಲೂ ತಲುಪುವಲ್ಲೂ ನಿಮಗೆ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕಿರಬೇಕು, ಪಿಸ್ತೂಲು ಖಾಲಿ ಇರಬೇಕು, ಅದೂ ಗುಂಡೂ ಕೂತಲ್ಲಿಂದ ಎಟುಕಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗದ ಪೆಟ್ಟಿಗೆ, ಗ್ಲವ್ ಬಾಕ್ಸೂ ಕನ್ಸೋಲೂ ಆಗದು. ಮೇಲೆ ಹೊಗಳಿದ ಕನ್ಸೋಲ್ ತಿಜೋರಿ ಈ ಪ್ರಯಾಣಕ್ಕೆ ಒದಗುವುದಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್ ದಾಟುವಾಗ ಎಲ್ಲಿಯೂ ತಂಗದೆ ನೇರ ಹೋಗಿ.

ಶಾಲೆಯ ಸುತ್ತ 1,000 ಅಡಿ ಫೆಡರಲ್ ನಿಷೇಧದ ವಲಯ. ಶಾಲೆ ಇರುವ ರಾಜ್ಯವೇ ಕೊಟ್ಟ ಪರವಾನಗಿ ಇದ್ದರೆ ವಿನಾಯಿತಿ, ಇಲ್ಲವಾದರೆ ಖಾಲಿ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ ಇರಬೇಕು. ಪರವಾನಗಿ ಬೇಡದ ರಾಜ್ಯದಲ್ಲಿದ್ದೇನೆ ಎಂದು ಪರವಾನಗಿ ಕಾರ್ಡ್ ಮಾಡಿಸದೆ ಬಿಟ್ಟವರು ಮಗುವನ್ನು ಶಾಲೆಗೆ ಬಿಡುವಾಗ ಸಿಕ್ಕಿಬೀಳುವುದು ಇಲ್ಲಿಯೇ. ಬೇಡದಿದ್ದರೂ ಕಾರ್ಡ್ ಮಾಡಿಸಿಕೊಳ್ಳಿ.

ಮಿಷಿಗನ್ ಕನ್ನಡಿಗರು ನಯಾಗರಾಕ್ಕೆ ಹೊರಟಾಗ ಫೋನು ತೋರಿಸುವ ಹತ್ತಿರದ ದಾರಿ ಕೆನಡಾದ ಒಂಟಾರಿಯೊ ಮೂಲಕ. ಪೆಟ್ಟಿಗೆಯಲ್ಲಿ ಪಿಸ್ತೂಲು ಮರೆತು ಆ ಸೇತುವೆ ಹತ್ತಿದರೆ ಅಮೆರಿಕದ ಯಾವ ಕಾಯ್ದೆಯೂ ಕೈ ಹಿಡಿಯುವುದಿಲ್ಲ. ಮನೆಯಲ್ಲಿಟ್ಟು ಹೋಗಿ, ಇಲ್ಲವೇ ಟೊಲಿಡೊ, ಕ್ಲೀವ್‌ಲ್ಯಾಂಡ್, ಬಫೆಲೊ ದಾರಿ ಹಿಡಿದು ಪ್ರತಿ ರಾಜ್ಯದ ನಿಯಮ ನೋಡಿಕೊಳ್ಳಿ. ಇನ್ನು ಮಿಷಿಗನ್‌ನಲ್ಲಿ ಪೊಲೀಸರು ನಿಲ್ಲಿಸಿದರೆ, ಪರವಾನಗಿದಾರರು ಪಿಸ್ತೂಲು ಇದೆಯೆಂದು ತಾವಾಗಿಯೇ ತಕ್ಷಣ ತಿಳಿಸಬೇಕು. ಎಲ್ಲ ಕಡೆಗೂ ಹೊಂದುವ ಮಾತೆಂದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಹೇಳಿದ ಮೇಲಷ್ಟೇ ಕೈ ಆಡಿಸಿ.

ಪಿಸ್ತೂಲಿನ ಸೀರಿಯಲ್ ನಂಬರಿನ ಫೋಟೊ ತೆಗೆದು ಇಂದೇ ಕಾರಿನ ಹೊರಗೆ ಎಲ್ಲಾದರೂ ಇಡಿ. ಕಳವಾದರೆ ಗಾಜು ಗುಡಿಸುವ ಮೊದಲು ಪೊಲೀಸರಿಗೆ ಫೋನು ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಐದು ದಿನದೊಳಗೆ ದೂರು ಕೊಡುವುದು ಕಡ್ಡಾಯ, ಕೆಲವು ರಾಜ್ಯಗಳಲ್ಲಿ ಗಡುವು ಇನ್ನೂ ಕಡಿಮೆ. ನಂಬರ್ ಇದ್ದರೆ ಪೊಲೀಸರು ಅದನ್ನು ಕಳವಾದ ಬಂದೂಕುಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸುತ್ತಾರೆ. ನಂಬರ್ ಇಲ್ಲದಿದ್ದರೆ, ಅದು ನಾಳೆ ಎಲ್ಲಿ ಸಿಕ್ಕರೂ ನಿಮ್ಮ ಕೈಯಿಂದ ಹೋದದ್ದು ಎಂದು ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.